‘ಎ’ ಅಕ್ಷರ ಬಂದರೆ ಮನೆ

ಎ ಅಕ್ಷರ ಬಂದರೆ ಮನೆ. ಬೇರೆ ಯಾವ ಅಕ್ಷರ ಬಂದರೂ ಮನೆ ಇಲ್ಲ. ಹತ್ತೊಂಬತ್ತು ವರ್ಷ ನಾನು ಮಾಡಿದ ಕೆಲಸ ಇಷ್ಟೇ. ಹ್ಯೂಸ್ಟನ್ನಿನಲ್ಲಿ ಶುರು ಮಾಡಿದೆ, ಡಲ್ಲಾಸಿನಲ್ಲಿ ಹೆಚ್ಚು ದಿನ ಇದ್ದೆ, ಆಸ್ಟಿನ್ನಿನಲ್ಲಿ ಬಿಟ್ಟೆ.

ನಮ್ಮ ಕಡೆಯ ಹೆಣ್ಣುಮಕ್ಕಳು ಈಗ ಸಾಲದ ಆಫೀಸುಗಳಿಗೆ ಸೇರುತ್ತಿದ್ದಾರೆ. ನನಗೆ ಫೋನ್ ಮಾಡಿ, “ಆಂಟಿ, ಕೆಲಸ ಹೇಗಿರುತ್ತೆ, ಸ್ವಲ್ಪ ಹೇಳಿ” ಅನ್ನುತ್ತಾರೆ. ಅವರೆಲ್ಲ ದೊಡ್ಡ ಓದು ಓದಿದವರು. ನಾನು ಮದ್ದೂರಿನ ಹತ್ತಿರ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಫೋನಿನಲ್ಲಿ ಎಷ್ಟು ಹೇಳಲಿ? ಅದಕ್ಕೆ ಬರೆದಿದ್ದೇನೆ. ಜನರ ಹೆಸರು ಬದಲಾಯಿಸಿದ್ದೇನೆ. ನನ್ನ ತಪ್ಪುಗಳನ್ನು ಬದಲಾಯಿಸಿಲ್ಲ.

ಮೊದಲು ಕೆಲಸ ಏನು ಅಂತ ತಿಳಿಯಬೇಕು. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಮನೆ ಸಾಲ ಕೊಡಲು ಬ್ಯಾಂಕು ಹೆದರುತ್ತದೆ. ಆಗ ಸರ್ಕಾರ ಹಿಂದೆ ನಿಂತು, ಇವರು ಕಟ್ಟದಿದ್ದರೆ ನಿನ್ನ ನಷ್ಟ ನಾನು ಕೊಡುತ್ತೇನೆ ಅನ್ನುತ್ತದೆ. ಹಾಗೆ ಅನ್ನುವ ಮೊದಲು ಒಂದು ವಿಷಯ ನೋಡಿಕೊಳ್ಳುತ್ತದೆ: ಈ ಮನುಷ್ಯ ಹಿಂದೆ ಯಾವಾಗಲಾದರೂ ನನಗೇ ಬಾಕಿ ಉಳಿಸಿ ಕೈಕೊಟ್ಟಿದ್ದಾನಾ? ಓದಿನ ಸಾಲ, ಅಂಗಡಿ ಸಾಲ, ಪ್ರವಾಹ ಬಂದಾಗ ಕೊಟ್ಟ ಸಾಲ, ಹಿಂದಿನ ಮನೆ ಸಾಲ, ಎಲ್ಲದಕ್ಕೂ ಸೇರಿ ಒಂದು ಪಟ್ಟಿ ಇದೆ. ಅರ್ಜಿ ಹಾಕಿದವರಿಗೆ ಸರ್ಕಾರ ಕೊಟ್ಟಿರುವ ಒಂಬತ್ತು ಅಂಕಿಯ ಸೋಶಿಯಲ್ ನಂಬರನ್ನು ಆ ಪಟ್ಟಿಗೆ ಹಾಕಬೇಕು. ಒಂದು ಕೋಡು ಬರುತ್ತದೆ. ಅದರ ಮೊದಲ ಅಕ್ಷರ ಎ ಆಗಿದ್ದರೆ ಬಾಕಿ ಇಲ್ಲ. ಡಿ ಆಗಿದ್ದರೆ ಕಂತು ನಿಲ್ಲಿಸಿದ್ದಾರೆ. ಸಿ ಆಗಿದ್ದರೆ ಅವರ ಪರವಾಗಿ ಸರ್ಕಾರ ಬ್ಯಾಂಕಿಗೆ ದುಡ್ಡು ತುಂಬಿಕೊಟ್ಟಿದೆ. ಆ ನಂಬರು ಹಾಕಿ ಅಕ್ಷರ ನೋಡುವವಳು ನಾನು.

ನಾನು ಆ ಕುರ್ಚಿಗೆ ಬಂದದ್ದು ಪೊರಕೆ ಹಿಡಿದು. ನನ್ನ ಯಜಮಾನರು ಹ್ಯೂಸ್ಟನ್ನಿನ ಒಂದು ದೇವಸ್ಥಾನದ ಅಡುಗೆಮನೆಯಲ್ಲಿದ್ದರು. ನಾನು ಎನರ್ಜಿ ಕಾರಿಡಾರ್ ಅನ್ನುವ ಆಫೀಸುಗಳ ಬಡಾವಣೆಯ ಒಂದು ಕಟ್ಟಡದಲ್ಲಿ ಆಫೀಸು ಗುಡಿಸಿ ಒರೆಸುತ್ತಿದ್ದೆ. ಮೂರನೇ ಮಹಡಿಯಲ್ಲಿ ಈ ಸಾಲದ ಆಫೀಸು. ಅಲ್ಲಿ ಡೋರಿಸ್ ಅಂತ ಒಬ್ಬರು, ಕಪ್ಪು ಜನಾಂಗದ ಹೆಂಗಸು, ಫೈಲುಗಳ ಮೇಲ್ವಿಚಾರಕಿ. ಎಲ್ಲರೂ ಮಿಸ್ ಡೋರಿಸ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಒಂದು ದಿನ ಕಸದ ಬುಟ್ಟಿಯಲ್ಲಿ ಯಾರದೋ ಸಂಬಳದ ಚೀಟಿ ಬಿದ್ದಿತ್ತು. ಎತ್ತಿ ಅವರ ಮೇಜಿನ ಮೇಲಿಟ್ಟೆ. ಮಾರನೇ ವಾರ ಕರೆದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

“ನಿನಗೆ ಅಂಕಿ ಓದೋಕೆ ಬರುತ್ತಾ?”

“ಅಂಕಿ ಬರುತ್ತೆ. ಅಕ್ಷರಾನೂ ಬರುತ್ತೆ. ಉದ್ದ ಉದ್ದ ಬರೆದಿದ್ರೆ ಬರಲ್ಲ.”

“ಇಲ್ಲಿ ಉದ್ದ ಬರೆಯೋವ್ರು ಬೇಕಾದಷ್ಟಿದ್ದಾರೆ. ಅಂಕಿ ತಪ್ಪದೆ ಹಾಕೋರು ಒಬ್ಬರೂ ಇಲ್ಲ.”

ಹೀಗೆ ನನ್ನ ನೌಕರಿ ಶುರುವಾಯಿತು. ಮೊದಲ ತಿಂಗಳೇ ಅಂಕಿ ತಪ್ಪು ಹಾಕಿದೆ.

ಲಾರಿ ಓಡಿಸುವ ಒಬ್ಬ ಮನುಷ್ಯನ ಅರ್ಜಿ. ನಾನು ಎರಡು ಅಂಕಿ ಅದಲುಬದಲು ಮಾಡಿದೆ. ಸಿ ಬಂತು. ಸಾಲ ಇಲ್ಲ ಅಂತ ಕಾಗದ ಹೋಯಿತು. ಅವನು ಆಫೀಸಿಗೆ ಬಂದು ಹೆಂಡತಿ ಎದುರಿಗೇ ಅತ್ತ. ಮಿಸ್ ಡೋರಿಸ್ ನನ್ನ ಪ್ರಿಂಟು ತರಿಸಿ ನೋಡಿದರು. ಪಟ್ಟಿಯಲ್ಲಿದ್ದ ಮನೆ ಎರಡು ಸಾವಿರ ಮೈಲಿ ಆಚೆಯ ರಾಜ್ಯದ್ದು. ಅವನು ಆ ರಾಜ್ಯ ನೋಡಿಯೇ ಇರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಕಾರಿನಲ್ಲಿ ಕೂರಿಸಿಕೊಂಡು ಅವನ ಮನೆಗೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿದರು. “ಹೇಳು,” ಅಂದರು. ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ, ತಪ್ಪು ನನ್ನದು ಅಂದೆ.

ವಾಪಸ್ ಬರುವಾಗ ಕಾರಿನಲ್ಲಿ ಅವರು ಹೇಳಿದ್ದೇ ಈ ಕೆಲಸದ ಪೂರ್ತಿ ಪಾಠ. “ಲಕ್ಷ್ಮೀ, ಎ ಬಿಟ್ಟು ಬೇರೆ ಅಕ್ಷರ ಬಂದ್ರೆ ಕೆಲಸ ಮುಗೀತು ಅಂತಲ್ಲ, ಶುರುವಾಯ್ತು ಅಂತ. ಮೂರು ಕೇಳು. ಯಾವ ಸಾಲ? ಯಾವಾಗಿನದು? ಆಮೇಲೆ ಏನಾಯ್ತು? ಇದಕ್ಕೆ ಉತ್ತರ ಸಿಗೋ ತನಕ ಫೈಲು ಮುಚ್ಚಬೇಡ.”

ಅವರಿದ್ದಷ್ಟು ದಿನ ಹಾಗೇ ಮಾಡಿದೆ. ಪ್ರಿಂಟಿನ ಕೆಳಗೆ ಯಾವ ಇಲಾಖೆ, ಯಾವ ಕೇಸು, ಫೋನ್ ನಂಬರು ಎಲ್ಲಾ ಇರುತ್ತಿತ್ತು. ಫೋನ್ ಮಾಡಿ ಒಂದೊಂದು ಗಂಟೆ ಸಂಗೀತ ಕೇಳಿಕೊಂಡು ಕೂರುತ್ತಿದ್ದೆವು. ಪ್ರವಾಹದ ಸಾಲ ಪೂರ್ತಿ ತೀರಿಸಿದ್ದರೂ ಹೆಸರು ತೆಗೆಯದೇ ಇದ್ದ ಒಬ್ಬ ಮುದುಕನಿಗಾಗಿ ಇಲಾಖೆಗೆ ಹನ್ನೊಂದು ಸಲ ಫೋನ್ ಮಾಡಿ ಎ ತರಿಸಿದೆವು. ಅವನು ನಮಗೆ ಒಂದು ಬುಟ್ಟಿ ಪೀಚ್ ಹಣ್ಣು ತಂದುಕೊಟ್ಟ. ಮಿಸ್ ಡೋರಿಸ್‌ಗೆ ಸಕ್ಕರೆ ಕಾಯಿಲೆ. ಕಾಲು ಹೋಯಿತು, ಆಮೇಲೆ ಅವರೂ ಹೋದರು. ನನ್ನ ಯಜಮಾನರು ಹೋದದ್ದೂ ಆ ವರ್ಷವೇ. ಆಫೀಸಿನವರು ನನ್ನನ್ನು ಡಲ್ಲಾಸಿಗೆ ಹಾಕಿದರು.

ಡಲ್ಲಾಸಿನಲ್ಲಿ ಎಲ್ಲಾ ಬೇರೆ. ಕಾಗದ ಕಡಿಮೆ, ಕಂಪ್ಯೂಟರು ಜಾಸ್ತಿ. ಎ ಬಂದರೆ ಹಸಿರು ಟಿಕ್, ಬೇರೆ ಬಂದರೆ ಕೆಂಪು. ಮ್ಯಾನೇಜರು ರಘುರಾಮ್ ಅಂತ, ಬೆಂಗಳೂರಿನ ಹುಡುಗ. ಕೆಟ್ಟವನಲ್ಲ. ಪಾದರಸದ ಹಾಗೆ, ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾನು ಕೆಂಪು ಫೈಲು ಹಿಡಿದು ಫೋನ್ ಮಾಡುತ್ತಾ ಕೂತರೆ ಬಂದು ನಿಲ್ಲುವನು.

“ಆಂಟಿ, ಏನ್ ಮಾಡ್ತಿದೀರ?”

“ಯಾವ ಸಾಲ ಅಂತ ಕೇಳ್ತಾ ಇದೀನಪ್ಪ.”

“ಅದು ಅಪ್ಲೈ ಮಾಡಿದವ್ರ ತಲೆನೋವು. ಕೆಂಪು ಬಂದ್ರೆ ಲೆಟರ್ ಕಳಿಸಿ, ಕ್ಲೋಸ್ ಮಾಡಿ. ಅವ್ರು ಸರಿ ಮಾಡ್ಕೊಂಡು ವಾಪಸ್ ಬರ್ಲಿ. ನೀವು ಒಂದು ಫೈಲಿಗೆ ಕೂರೋ ಟೈಮಲ್ಲಿ ನಲವತ್ತು ಫೈಲ್ ಕಾಯ್ತಿದೆ.”

ಮೊದಲು ವಾದ ಮಾಡಿದೆ. ಆಮೇಲೆ ಬಿಟ್ಟೆ. ಬಿಟ್ಟ ಮೇಲೆ ಹಾಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಂಪು, ಲೆಟರು, ಕ್ಲೋಸು. ಸಂಜೆ ಐದಕ್ಕೆ ಮನೆ.

ಡಲ್ಲಾಸಿನ ಆಫೀಸಿಗೆ ನಮ್ಮ ಕನ್ನಡದವರು ಬಹಳ ಬರುತ್ತಿದ್ದರು, ನಾನಿದ್ದೇನೆ ಅಂತಲೇ. ಹಾಗೆ ಬಂದವರಲ್ಲಿ ಡಲ್ಲಾಸಿನ ಪಕ್ಕದ ಫ್ಲವರ್ ಮೌಂಡಿನ ಪ್ರಭಾಕರ ಒಬ್ಬ. ಮೈಸೂರಿನವನು, ಔಷಧಿ ಅಂಗಡಿಯಲ್ಲಿ ಕೆಲಸ. ಹೆಂಡತಿ, ಮಗಳನ್ನು ಕರೆದುಕೊಂಡು ಬಂದಿದ್ದ. ಡಿ ಬಂತು. ಓದಿನ ಸಾಲ.

“ಆಂಟಿ, ಏನೋ ಮಿಸ್ಟೇಕ್ ಆಗಿದೆ. ನಮ್ಮ ವಂಶದಲ್ಲೇ ಯಾರೂ ಸಾಲ ಉಳಿಸ್ಕೊಂಡಿಲ್ಲ.”

“ವಂಶದ್ದಲ್ಲಪ್ಪ, ನಿಂದು. ಮಗಳ ಕಾಲೇಜಿಗೆ ಸರ್ಕಾರದಿಂದ ತಗೊಂಡಿದ್ದೀಯ, ಅಪ್ಪ ಅಂತ ಸೈನ್ ಹಾಕಿದ್ದೀಯ. ಒಂಬತ್ತು ತಿಂಗಳ ಮೇಲಾಯ್ತು ಕಟ್ಟಿಲ್ಲ.”

“ಅದು ಅವಳು ಕಟ್ತೀನಿ ಅಂದಿದ್ಲು!”

ಮಗಳು ಫೋನಿನಿಂದ ತಲೆ ಎತ್ತಿದಳು. “ಡ್ಯಾಡ್, ಐ ಟೋಲ್ಡ್ ಯೂ ಐ ಲಾಸ್ಟ್ ಮೈ ಜಾಬ್. ಯೂ ಸೆಡ್ ಡೋಂಟ್ ಟೆಲ್ ಎನಿವನ್.”

“ಬಾಯ್ಮುಚ್ಚು. ಆಂಟಿ ಮುಂದೆ ಏನದು.”

ಇದು ಕಲಿತುಕೊಳ್ಳಿ. ಮಕ್ಕಳ ಓದಿಗೆ ಅಪ್ಪ ಸೈನು ಹಾಕಿದರೆ ಅದು ಅಪ್ಪನ ಸಾಲ. ಅಳಿಯನ ಅಂಗಡಿಗೆ ಅತ್ತೆ ಸೈನು ಹಾಕಿದರೆ ಅತ್ತೆಯ ಸಾಲ. ಒಳಗೆ ನೀವು ಏನು ಮಾತಾಡಿಕೊಂಡಿದ್ದೀರಿ ಅನ್ನುವುದು ಆ ಪಟ್ಟಿಗೆ ಗೊತ್ತಾಗುವುದಿಲ್ಲ. ಪ್ರಭಾಕರ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು ಒಂಬತ್ತು ಕಂತು ತಪ್ಪದೆ ಕಟ್ಟಿದ. ಡಿ ಹೋಗಿ ಎ ಬಂತು. ಒಂದು ವರ್ಷ ತಡವಾಗಿ ಮನೆ ತಗೊಂಡ. ಅವನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ನಾನು ಮುಗಿಸಲಿಲ್ಲ.

ಅವನು ಇನ್ನೂ ಆ ಕಂತು ಕಟ್ಟುತ್ತಿದ್ದಾಗ, ಯುಗಾದಿಗೆ ಕನ್ನಡ ಸಂಘದ ಊಟ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಮುಂದಿದ್ದ ಹೆಂಗಸು, “ಪ್ರಭಾಕರ್ ಅವ್ರು ಮನೆ ತಗೋಬೇಕಿತ್ತಲ್ಲ, ಏನಾಯ್ತಂತೆ?” ಅಂದಳು. “ಏನಾಗೋದು, ಮಗಳ ಓದಿನ ಸಾಲ ಕಟ್ಟಿಲ್ಲ, ಸರ್ಕಾರದ ಪಟ್ಟೀಲಿ ಹೆಸರಿದೆ,” ಅಂದೆ. ಅಷ್ಟೇ. ಹೋಳಿಗೆ ಹಾಕಿಸಿಕೊಂಡು ಮುಂದೆ ಹೋದೆ. ಆ ಮಾತು ನನಗಿಂತ ಮುಂಚೆ ಫ್ಲವರ್ ಮೌಂಡ್ ಸೇರಿತು. ಪ್ರಭಾಕರನ ಹೆಂಡತಿ ಆಮೇಲೆ ನನ್ನ ಮುಖ ನೋಡಲಿಲ್ಲ. ನಮ್ಮವರೆಲ್ಲ ಒಂದು ಪಾಠ ಕಲಿತರು: ಲಕ್ಷ್ಮಿ ಆಂಟಿ ಹತ್ತಿರ ಹೋದರೆ ಮನೆ ವಿಷಯ ಬೀದಿಗೆ ಬರುತ್ತೆ.

ಈ ಪಾಠ ವನಜಳಿಗೂ ಗೊತ್ತಿತ್ತು.

ವನಜ ಧಾರವಾಡದ ಕಡೆಯವಳು. ಮೂವತ್ತೆಂಟು, ನಲವತ್ತು ಇರಬಹುದು. ಹಗಲು ಒಂದು ಸ್ಕೂಲಿನ ಊಟದ ಕೋಣೆಯಲ್ಲಿ ಕೆಲಸ. ಸಂಜೆ ಜೋಳದ ರೊಟ್ಟಿ ಬಡಿದು ನಮ್ಮವರ ಮನೆಗಳಿಗೆ ಕೊಡುತ್ತಿದ್ದಳು. ಹನ್ನೆರಡು ವರ್ಷದ ಮಗಳು, ಅನು. ಬಾಡಿಗೆಗೆ ಇದ್ದ ಸಣ್ಣ ಮನೆಯನ್ನು ಮಾಲೀಕ ಮಾರುತ್ತಿದ್ದ. ಒಳ್ಳೆಯ ಮನುಷ್ಯ, ನೀನೇ ತಗೋ, ತಿಂಗಳ ಕೊನೆಯ ತನಕ ಕಾಯುತ್ತೇನೆ ಅಂದಿದ್ದ. ಸರ್ಕಾರದ ಭರವಸೆಯ ಸಾಲ ಸಿಕ್ಕರೆ ಅವಳ ಸಂಬಳಕ್ಕೆ ಅದು ಆಗುತ್ತಿತ್ತು. ಸಿಗದಿದ್ದರೆ ಮನೆ ಬಿಡಬೇಕು.

ಅವಳಿಗೆ ಮನೆ ಯಾಕೆ ಬೇಕಾಗಿತ್ತು ಅಂತ ಆಗ ಅರ್ಧ ಮಾತ್ರ ಹೇಳಿದಳು. “ಹುಡಿಗಿಗೆ ಒಂದ್ ಖೋಲಿ ಬೇಕ್ರಿ ಅಕ್ಕಾರ. ತನ್ನದಂತ ಒಂದ್ ಖೋಲಿ ಇರ್ಲಿಲ್ಲಂದ್ರ ನನ್ನ ಕಡೆ ಉಳ್ಯಂಗಿಲ್ಲ ಆಕಿ.” ದೊಡ್ಡವಳಾಗುತ್ತಿರುವ ಹುಡುಗಿ, ಬೇರೆ ರೂಮು ಬೇಕು ಅಂತ ಹಠ ಮಾಡುತ್ತಾಳೇನೋ ಅಂದುಕೊಂಡೆ.

ನಾನೇ ಅವಳ ಅರ್ಜಿ ತುಂಬಿದೆ. ನನ್ನ ಮೇಜಿನ ಆಚೆ ಈಚೆ ಇಬ್ಬರು ಕೂತಿದ್ದರು, ಅದರಲ್ಲಿ ಒಬ್ಬಳು ನಮ್ಮ ಸಂಘದವಳು. ಮದುವೆಯಾಗಿದೆಯೋ ಇಲ್ಲವೋ ಅನ್ನುವ ಜಾಗವನ್ನು ವನಜ ಖಾಲಿ ಬಿಟ್ಟಿದ್ದಳು. ನಾನು ಅವಳ ಕಡೆ ನೋಡಿದೆ. ಕತ್ತಿನಲ್ಲಿ ತಾಳಿ. ಕಾಲಲ್ಲಿ ಕಾಲುಂಗುರ. ಹಣೆಯಲ್ಲಿ ಕುಂಕುಮ. ಹೋದ ಗೌರಿ ಹಬ್ಬದಲ್ಲಿ ನಾನು ನಿಂತು ನೋಡಿದ್ದೆ, ಮುತ್ತೈದೆಯರ ಸಾಲಿನಲ್ಲಿ ಕೂತು ಬಾಗಿನ ತಗೊಂಡಿದ್ದಳು.

“ಯಜಮಾನ್ರು ಎಲ್ಲಿ?” ಅಂದೆ.

ಅವಳು ಪಕ್ಕದ ಮೇಜಿನ ಕಡೆ ನೋಡಿದಳು. “ಊರಿಗೆ ಹೋಗ್ಯಾರ್ರಿ.”

ಮದುವೆಯಾಗಿದೆ ಅಂತ ನಾನೇ ಟಿಕ್ ಹಾಕಿದೆ. ಅವಳು ನೋಡಿದಳು. ಏನೂ ಅನ್ನಲಿಲ್ಲ.

ನಂಬರು ಹಾಕಿದೆ. ಸಿ.

ಹ್ಯೂಸ್ಟನ್ನಿನಲ್ಲಿ ಗಂಡ ಹೆಂಡತಿ ಸೇರಿ ಇದೇ ಥರ ಸಾಲದಲ್ಲಿ ಒಂದು ಮನೆ ತಗೊಂಡಿದ್ದರು. ಕಂತು ನಿಂತು ಮನೆ ಹರಾಜಾಗಿತ್ತು. ಸರ್ಕಾರ ಬ್ಯಾಂಕಿಗೆ ದುಡ್ಡು ತುಂಬಿಕೊಟ್ಟಿತ್ತು. ಹಾಗೆ ಕೊಟ್ಟ ದಿನದಿಂದ ಮೂರು ವರ್ಷ ಆಗುವ ತನಕ ಆ ನಂಬರಿಗೆ ಇನ್ನೊಂದು ಸಾಲ ಇಲ್ಲ. ಅವಳಿಗೆ ಇನ್ನೂ ಹತ್ತು ತಿಂಗಳು ಬಾಕಿ ಇತ್ತು.

“ಆಗಲ್ಲಮ್ಮ. ಹ್ಯೂಸ್ಟನ್ ಮನೇದು ಪಟ್ಟೀಲಿ ನಿಂತಿದೆ.”

“ಅದು ನನ್ನ ಮನಿ ಅಲ್ರಿ.”

“ಸೈನು ನಿಂದು ತಾನೇ?”

“ಸೈನು ನಂದರೀ. ಆದ್ರ…” ಮತ್ತೆ ಪಕ್ಕದ ಮೇಜು ನೋಡಿದಳು. “ಆದ್ರ ಮನಿ ನಂದಲ್ರಿ.”

ಯಾಕೆ ನಿನ್ನದಲ್ಲ ಅಂತ ಕೇಳಬೇಕಿತ್ತು. ಒಳಗೆ ಒಂದು ಖಾಲಿ ರೂಮಿತ್ತು, ಅಲ್ಲಿಗೆ ಕರೆದುಕೊಂಡು ಹೋಗಿ ಕೇಳಬೇಕಿತ್ತು. ಮಿಸ್ ಡೋರಿಸ್‌ ಆಗಿದ್ದರೆ ಕೇಳುತ್ತಿದ್ದರು. ನಾನು, “ಎಲ್ರೂ ಹಂಗೇ ಅಂತಾರೆ, ಬಿಡು,” ಅಂದೆ. ಪಕ್ಕದವಳು ನಕ್ಕಳು.

ಎರಡು ದಿನ ಬಿಟ್ಟು ವನಜ ಮತ್ತೆ ಬಂದಳು. ರೊಟ್ಟಿಯ ಡಬ್ಬಿಯ ಜೊತೆ ಒಂದು ದಪ್ಪ ಕವರು ನನ್ನ ಕೈಗಿಟ್ಟಳು. ಬಾಯಿ ಅಂಟಿಸಿ ಮೇಲೆ ಟೇಪು ಸುತ್ತಿದ್ದಳು. “ಇದರಾಗ ಎಲ್ಲಾ ಐತ್ರಿ. ಈಗ ಒಡೀಬ್ಯಾಡ್ರಿ, ನಾ ಹೋದ ಮ್ಯಾಲ ನೋಡ್ರಿ. ನೀವೊಬ್ಬರ ನೋಡ್ರಿ.”

ಆ ದಿನ ರಘುರಾಮ್ ತಿಂಗಳ ಕೊನೆಯ ಫೈಲುಗಳಿಗಾಗಿ ತಲೆ ತಿನ್ನುತ್ತಿದ್ದ. ವನಜಳ ಫೈಲು ಕೆಂಪು, ಲೆಟರು ಹೋಗಿ ಆಗಿತ್ತು. ಕವರಿನೊಳಗೆ ಏನಿದ್ದರೂ ಇಂಗ್ಲಿಷಿನಲ್ಲಿ ಉದ್ದುದ್ದ ಬರೆದಿರುತ್ತೆ, ನನಗೆ ಅರ್ಥವಾಗಲ್ಲ, ಇನ್ನೊಬ್ಬರ ಹತ್ತಿರ ಓದಿಸಬೇಕು. ಮುಚ್ಚಿದ ಫೈಲಿಗೆ ಯಾಕೆ ಅಂತ ಅದನ್ನು ಹಾಗೇ ಫೈಲಿನೊಳಗೆ ತುರುಕಿದೆ. ರೊಟ್ಟಿ ಮಧ್ಯಾಹ್ನ ತಿಂದೆ. ಚೆನ್ನಾಗಿತ್ತು.

ನಾಲ್ಕನೇ ದಿನ ಫೋನ್ ಬಂತು.

“ಅಕ್ಕಾರ, ಕವರ್ ನೋಡಿದ್ರೇನ್ರಿ?”

“ನೋಡಿದೆ.”

ನೋಡಿರಲಿಲ್ಲ. ದಿನಕ್ಕೆ ಐವತ್ತು ಜನಕ್ಕೆ ನೋಡಿದೆ ಅನ್ನುತ್ತಿದ್ದೆ, ಅದೇ ಬಾಯಿಗೆ ಬಂತು.

“ನೋಡಿದ ಮ್ಯಾಲೂ ಆಗಂಗಿಲ್ಲೇನ್ರಿ?”

“ಆಗಲ್ಲಮ್ಮ. ಸರ್ಕಾರದ ರೂಲು. ನಾನೇನ್ ಮಾಡ್ಲಿ?”

“ಆತ್ರಿ.” ದನಿ ತಗ್ಗಿಸಿ, “ಯಾರ ಮುಂದೂ ಹೇಳಬ್ಯಾಡ್ರಿ, ಅಷ್ಟ.”

ಹೇಳುವುದಕ್ಕೆ ನನಗೆ ಏನು ಗೊತ್ತಿತ್ತು? “ಹೇಳಲ್ಲ” ಅಂದು ಫೋನಿಟ್ಟೆ. ಆ ಮೇಲೆ ಅವಳು ಸಂಘಕ್ಕೆ ಬರಲಿಲ್ಲ. ರೊಟ್ಟಿಯೂ ನಿಂತಿತು. ಮನೆ ಬಿಟ್ಟು ಹೋದಳಂತೆ ಅಂದರು ಯಾರೋ.

ಒಂದೂವರೆ ವರ್ಷ ಕಳೆಯಿತು. ಡಲ್ಲಾಸ್ ಆಫೀಸು ಮುಚ್ಚಿ ಎಲ್ಲರನ್ನೂ ಆಸ್ಟಿನ್ನಿಗೆ ಶಿಫ್ಟ್ ಮಾಡಿದರು. ಅಷ್ಟೊತ್ತಿಗೆ ನಂಬರು ಹಾಕುವುದನ್ನೂ ಕಂಪ್ಯೂಟರೇ ಮಾಡಿಕೊಳ್ಳುತ್ತಿತ್ತು. ಅರ್ಜಿ ಬಂದ ತಕ್ಷಣ ತಾನೇ ಪಟ್ಟಿ ನೋಡಿ ತಾನೇ ಲೆಟರು ಕಳಿಸುತ್ತಿತ್ತು. ನನಗೆ ಕೊನೆಯ ಕೆಲಸ ಕೊಟ್ಟರು: ಡಲ್ಲಾಸಿನ ಹಳೆಯ ಫೈಲುಗಳನ್ನು ಬಿಚ್ಚಿ, ಪಿನ್ನು ಕಿತ್ತು, ಸ್ಕ್ಯಾನ್ ಮಾಡುವುದು. ಮುಗಿದ ದಿನ ಮನೆಗೆ.

ವನಜಳ ಫೈಲಿನಿಂದ ಕವರು ಬಿತ್ತು. ಟೇಪು ಹಾಗೇ ಇತ್ತು.

ಒಡೆದೆ. ಮೇಲೆ ಕನ್ನಡದಲ್ಲಿ ಒಂದು ಚೀಟಿ. ‘ಅಕ್ಕಾರ, ಬಾಯಿಲೆ ಹೇಳಾಕ ಆಗಲಿಲ್ಲ. ನಮಗ ಗಂಡ ಹೆಂಡತಿಗೆ ಬಿಡುಗಡೆ ಆಗೇತಿ. ಹ್ಯೂಸ್ಟನ್ ಮನಿ, ಅದರ ಸಾಲ ಎಲ್ಲಾ ಅವರಿಗೆ ಅಂತ ಕೋರ್ಟಿನ್ಯಾಗ ಬರದಾರ. ಅವತ್ತಿನ ತನಕ ಕಂತು ಸರಿ ಕಟ್ಟೀವಿ, ಬ್ಯಾಂಕಿನ ಕಾಗದ ಐತಿ. ಮಗಳು ಯಾರ ಕಡೆ ಅನ್ನೋದು ಇನ್ನೂ ನಡದೈತಿ. ನನಗ ಸ್ವಂತ ಮನಿ ಇದ್ರ ನನ್ನ ಕಡೆ ಬಿಡತಾರ ಅಂತ ವಕೀಲರು ಹೇಳ್ಯಾರ. ದಯಮಾಡಿ ಸಂಘದಾಗ ಹೇಳಬ್ಯಾಡ್ರಿ.’

ಕನ್ನಡದಲ್ಲಿತ್ತು. ನಾನು ಓದಬಹುದಾದ ಭಾಷೆಯಲ್ಲಿತ್ತು.

ಕಾಗದಗಳನ್ನು ರಘುರಾಮನ ಮೇಜಿಗೆ ತಗೊಂಡು ಹೋದೆ. ಅವನೂ ಆಸ್ಟಿನ್ನಿಗೆ ಬಂದಿದ್ದ. ಮೂರು ಹಾಳೆ ತಿರುವಿ ಹಾಕಿ ಕುರ್ಚಿಗೆ ಒರಗಿದ.

“ಆಂಟಿ, ಇದು ಅವತ್ತೇ ಇತ್ತಾ?”

“ಇತ್ತು.”

“ಡಿವೋರ್ಸಲ್ಲಿ ಮನೆ, ಸಾಲ ಎರಡೂ ಗಂಡನಿಗೆ ಹೋಗಿದ್ರೆ, ಆ ಟೈಮಲ್ಲಿ ಕಂತು ಬಾಕಿ ಇರದೇ ಇದ್ದಿದ್ರೆ, ಆಮೇಲೆ ಅವನು ಕಟ್ಟದೆ ಇದ್ದಿದ್ದು ಇವ್ರ ತಲೆ ಮೇಲೆ ಬರಲ್ಲ. ಅದಕ್ಕೆ ಎಕ್ಸೆಪ್ಶನ್ ಇದೆ. ಈ ಕಾಗದಗಳನ್ನ ಅವತ್ತೇ ಮೇಲಿನವ್ರಿಗೆ ಕಳಿಸಿದ್ರೆ ಒಂದು ವಾರದಲ್ಲಿ ಆಗ್ತಿತ್ತು.” ಅರ್ಜಿಯ ಹಾಳೆ ಎತ್ತಿ, “ಮತ್ತೆ ಇಲ್ಲಿ ಮ್ಯಾರೀಡ್ ಅಂತ ಯಾರು ಹಾಕಿದ್ದು?” ಅಂದ.

“ನಾನೇ.”

“ಯಾಕಾಂಟಿ?”

“ಕಾಲುಂಗುರ ಇತ್ತು.”

ಅವನು ನಗಲಿಲ್ಲ. “ಕ್ಲೋಸ್ ಆಗಿರೋ ಫೈಲು. ಸ್ಕ್ಯಾನ್ ಮಾಡಿ ಇಟ್ಬಿಡಿ,” ಅಂತ ಹೇಳಿ ಎದ್ದು ಹೋದ. ಅವನನ್ನೂ ಪೂರ್ತಿ ದೂರುವುದಿಲ್ಲ. ಅವನಿಗೆ ಬೇಗ ಬೇಕಾಗಿತ್ತು. ಬೇಗ ಮಾಡಲು ನನಗೂ ಇಷ್ಟವಿತ್ತು.

ಆ ಸಂಜೆ ಒಂದು ತಪ್ಪು ಮಾಡಿದೆ. ಅರ್ಜಿ ಇಲ್ಲದೆ ಯಾರ ನಂಬರನ್ನೂ ಪಟ್ಟಿಗೆ ಹಾಕಬಾರದು. ನೀವು ಯಾವತ್ತೂ ಹಾಕಬೇಡಿ. ನಾನು ವನಜಳ ನಂಬರು ಹಾಕಿದೆ, ಎರಡು ಸಲ ನೋಡಿ, ಅಂಕಿ ತಪ್ಪದೆ. ಎ ಬಂತು. ಮೂರು ವರ್ಷ ಮುಗಿದಿತ್ತು. ಪ್ರಿಂಟು ತೆಗೆದೆ. ನನ್ನ ಹತ್ತೊಂಬತ್ತು ವರ್ಷದ ಕೊನೆಯ ನಂಬರು ಅದು.

ಅವಳು ಎಲ್ಲಿದ್ದಾಳೆ ಅಂತ ಹುಡುಕಲು ಎರಡು ವಾರ ಹಿಡಿಯಿತು. ಹ್ಯೂಸ್ಟನ್ನಿನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್‌ನಲ್ಲಿ ಒಂದು ದೊಡ್ಡ ಮನೆಯಲ್ಲಿ ಅಡುಗೆಗೆ ಇದ್ದಳು. ಮನೆಯವರು ಕೆಲಸಕ್ಕೆ ಹೋಗಿದ್ದರು. ಅವಳೇ ಹಿಂಬಾಗಿಲು ತೆಗೆದಳು. ಕಾಲು ನೋಡಿದೆ, ಉಂಗುರ ಇರಲಿಲ್ಲ. ಕತ್ತು ಬೋಳು.

“ಬರ್ರಿ ಅಕ್ಕಾರ,” ಅಂದಳು. ಹಂಚು ಒಲೆಯ ಮೇಲಿತ್ತು. ಮತ್ತೆ ಹಿಟ್ಟಿಗೆ ಕೈ ಹಾಕಿದಳು.

“ಅನು ಎಲ್ಲಿ?”

“ಅವರಪ್ಪನ ಕಡೆ ರೀ. ಇಲ್ಲೇ, ಎರಡ್ ಮೈಲಿ. ಅವರ್ದು ನಾಕ್ ಖೋಲಿ ಮನಿ ರೀ, ಬಾಡಿಗಿದು. ನಂದು ಆಗ ಒಬ್ಬರ ಮನ್ಯಾಗ ಒಂದ್ ಹಾಸಿಗಿ. ಜಡ್ಜು ಕೇಳಿದ್ರು, ಹುಡಿಗಿ ಎಲ್ಲಿ ಮಲಗ್ತಾಳ ಅಂತ. ಏನ್ ಹೇಳ್ಲಿ?” ಹಿಟ್ಟು ತಟ್ಟಿದಳು. “ತಿಂಗಳಿಗೆ ಎರಡ್ ಸಲ ಬರ್ತಾಳ್ರಿ. ಅದಕ್ಕ ಇಲ್ಲೇ ಕೆಲಸ ಹಿಡದೇನಿ.”

ನಾನು ಕವರು ತೆಗೆದು ಕಟ್ಟೆಯ ಮೇಲಿಟ್ಟೆ. ಹರಿದ ಟೇಪು ಅವಳು ನೋಡಿದಳು.

“ವನಜ, ಇದು ನಾನು ಅವತ್ತು ನೋಡಿರಲಿಲ್ಲ.”

ಅವಳ ಕೈ ನಿಂತಿತು.

“ನೋಡಿದೆ ಅಂದ್ರಲ್ರಿ.”

“ಅಂದೆ. ನೋಡಿರಲಿಲ್ಲ.”

“ನೋಡಿದ್ರ?”

ಸುಳ್ಳು ಹೇಳಬಹುದಿತ್ತು. ನೋಡಿದ್ದರೂ ಆಗುತ್ತಿರಲಿಲ್ಲ ಅಂದಿದ್ದರೆ ಅವಳಿಗೆ ಅಷ್ಟು ಹಗುರ ಆಗುತ್ತಿತ್ತೇನೋ. ಈ ಕವರಿನ ಬಗ್ಗೆ ಒಂದು ಸುಳ್ಳು ಸಾಕಾಗಿತ್ತು.

“ನೋಡಿದ್ರೆ ಆಗ್ತಿತ್ತು. ಒಂದು ವಾರದಲ್ಲಿ.”

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗುವ ವಾಸನೆ ಬಂತು. ಅವಳು ತಿರುವಲಿಲ್ಲ. “ನಾನ ಹೇಳಬೇಕಿತ್ತಲ್ರಿ,” ಅಂದಳು. “ಬ್ಯಾರೆ ಆಫೀಸಿಗೆ ಹೋಗಿದ್ರ, ಅಲ್ಲಿ ಬಿಳಿಯವ್ರ ಇದ್ರ, ಮೊದಲ ಮಾತಿಗೇ ಹೇಳತಿದ್ದೆ. ನೀವು ಕನ್ನಡದವ್ರು ಅಂತ ಬಂದೆ. ನೀವು ಕನ್ನಡದವ್ರು ಅಂತ ಹೇಳ್ಲಿಲ್ಲ.”

ನಾನು ಪ್ರಿಂಟು ಅವಳ ಮುಂದೆ ಹಿಡಿದೆ. “ಈಗ ಎ ಬರುತ್ತೆ. ನಿನ್ನ ಹೆಸರು ಪಟ್ಟೀಲಿ ಇಲ್ಲ. ಈಗ ಅರ್ಜಿ ಹಾಕಬಹುದು. ನಾನೇ ಜೊತೆಗೆ ಬರ್ತೀನಿ.”

ಕೈ ಒರೆಸಿಕೊಂಡು ತಗೊಂಡಳು. ಆ ಅಕ್ಷರವನ್ನು ನೋಡಿದಳು.

“ಒಂದ್ ಅಕ್ಷರರೀ?”

“ಒಂದೇ.”

“ಈಗ ಯಾರ ಸಲುವಾಗಿ ತಗೊಳ್ಳಲಿರಿ ಮನಿ?”

ಮತ್ತೆ ಕೋರ್ಟಿಗೆ ಹೋಗಬಹುದು ಅಂತ ಹೇಳಬಹುದಿತ್ತು. ಅವಳೇ ಹೇಳಿದಳು, “ಆಕಿ ಅಲ್ಲೇ ಸ್ಕೂಲಿಗೆ ಹೊಂದ್ಯಾಳ್ರಿ. ಹೋದ ಸಲ ಬಂದಾಗ ‘ಮಾಮ್, ಐ ವಾಂಟ್ ಟು ಗೋ ಹೋಮ್’ ಅಂದ್ಲು. ಹೋಮ್ ಅಂದ್ರ ಅದು ರೀ ಈಗ.”

ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಹೆಚ್ಚಿಲ್ಲ. ಯಾವ ಸಾಲ, ಯಾವಾಗಿನದು, ಆಮೇಲೆ ಏನಾಯಿತು, ಮೂರನ್ನೂ ಕೇಳಿ. ಬಾಗಿಲು ಹಾಕಿಕೊಂಡು ಕೇಳಿ. ಕೇಳಿದ್ದನ್ನು ಊಟದ ಸಾಲಿನಲ್ಲಿ ಹೇಳಬೇಡಿ. ಕಾಲುಂಗುರ ನೋಡಿ ಅರ್ಜಿ ತುಂಬಬೇಡಿ. ಕಂಪ್ಯೂಟರು ಈಗ ತಾನೇ ಲೆಟರು ಕಳಿಸುತ್ತದೆ, ಅದು ಯಾರನ್ನೂ ಏನೂ ಕೇಳುವುದಿಲ್ಲ. ನೀವೂ ಕೇಳದಿದ್ದರೆ ಆ ಕುರ್ಚಿಯಲ್ಲಿ ನೀವು ಯಾಕೆ ಇರಬೇಕು ಅಂತ ನನಗೆ ಗೊತ್ತಿಲ್ಲ. ಕೇಳಿದರೆ ಎಲ್ಲ ಸರಿಯಾಗುತ್ತೆ ಅಂತಲೂ ಹೇಳುವುದಿಲ್ಲ. ನಾನು ಕೇಳದೆ ಮುಚ್ಚಿದ ಕೆಂಪು ಫೈಲು ಎಷ್ಟೋ ಇವೆ. ಟೇಪು ಸುತ್ತಿದ ಕವರು ಇದ್ದದ್ದು ಒಂದರಲ್ಲಿ. ಮಿಕ್ಕವರು ಏನು ಹೇಳಬೇಕಿತ್ತು ಅಂತ ಇನ್ನು ಯಾರಿಗೂ ತಿಳಿಯುವುದಿಲ್ಲ.

ವನಜ ಕರಕಲು ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದು ಬಡಿದು ಹಂಚಿಗೆ ಹಾಕಿದಳು. ಬೆಂದ ಮೇಲೆ ಬಿಸಿ ರೊಟ್ಟಿ ಇಡಲು ಕಾಗದ ಹುಡುಕಿದಳು. ಕಟ್ಟೆಯ ಮೇಲೆ ಅವಳು ಇಟ್ಟಿದ್ದ ನನ್ನ ಪ್ರಿಂಟು ಇತ್ತು. ಅದನ್ನೇ ಹಾಸಿ, ಅದರ ಮೇಲೆ ರೊಟ್ಟಿ ಹಾಕಿ ನನ್ನ ಮುಂದೆ ಸರಿಸಿದಳು.

“ದೂರದಿಂದ ಬಂದೀರಿ. ಉಣ್ರಿ.”

ಉಂಡೆ. ತಿಂದಷ್ಟೂ ಕೆಳಗಿನ ಅಕ್ಷರ ಕಾಣುತ್ತಾ ಬಂತು.